ಮೈದಾನಕ್ಕೆ ಹೊಗೆ ಬಂದರೆ

ಕಟಾವಿನ ಮಷೀನು ಗದ್ದೆ ಬಿಟ್ಟು ರಸ್ತೆಗೆ ಬಂದ ಎರಡು ಮೂರು ದಿನಕ್ಕೆ ರಾಯಚೂರು ಜಿಲ್ಲೆಯ ತುರ್ವಿಹಾಳ ಸೀಮೆಯ ಆಕಾಶದ ಬಣ್ಣ ಬದಲಾಗುತ್ತದೆ. ನೆಲ್ಲು ಚೀಲ ಸೇರಿ ಸಿಂಧನೂರಿನ ರೈಸ್ ಮಿಲ್ಲುಗಳ ಕಡೆ ಹೊರಟಿರುತ್ತದೆ. ಗದ್ದೆಯಲ್ಲಿ ಉಳಿದಿರುವುದು ಕೂಳೆ ಮತ್ತು ಮಷೀನು ಉಗುಳಿ ಹೋದ ಚೂರು ಹುಲ್ಲು. ಒಂದು ಬೆಂಕಿಕಡ್ಡಿ ಸಾಕು. ಸಂಜೆಯಾಗಿ ಗಾಳಿ ಬಿದ್ದ ಮೇಲೆ ಬಿಳಿ ಹೊಗೆ ಮೇಲೇರಲಾರದೆ ಕಾಲುವೆ ಏರಿಯ ಮಟ್ಟದಲ್ಲೇ ಚಾಪೆಯಂತೆ ಹಾಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಊರ ಮೈದಾನದಲ್ಲಿ ಹುಡುಗರು ವಾಲಿಬಾಲ್ ನೆಟ್ ಕಟ್ಟುತ್ತಿರುತ್ತಾರೆ.

ಆಡಬೇಕೋ, ಬೇಡವೋ? ಈ ಪ್ರಶ್ನೆಯನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಕಣ್ಣು ಉರಿದರೆ ಒರೆಸಿಕೊಳ್ಳುತ್ತಾರೆ, ಕೆಮ್ಮು ಬಂದರೆ ಒಂದು ಗುಟುಕು ನೀರು ಕುಡಿಯುತ್ತಾರೆ, ಆಟ ಮುಂದುವರಿಯುತ್ತದೆ. ಕೋಟಿಗಟ್ಟಲೆ ಹಣ ಹೂಡಿದ ಪಂದ್ಯಗಳಲ್ಲಿ ಮಾತ್ರ ಇದೇ ಪ್ರಶ್ನೆ ಕಳೆದ ಹತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಹೊಗೆ ಕಾಡಿನದೋ ಗದ್ದೆಯದೋ ಎಂಬುದು ಶ್ವಾಸಕೋಶಕ್ಕೆ ದೊಡ್ಡ ವ್ಯತ್ಯಾಸವಲ್ಲ. ಎರಡೂ ಸುಟ್ಟ ಹುಲ್ಲು-ಕಟ್ಟಿಗೆಯ ಹೊಗೆಯೇ.

ಭಾರತದಲ್ಲಿ ಈ ಪ್ರಶ್ನೆ ಇಡೀ ಜಗತ್ತಿನ ಕಣ್ಣಿಗೆ ಬಿದ್ದದ್ದು 2017ರ ಡಿಸೆಂಬರ್ 3ರಂದು, ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ. ಕನ್ನಡಿಗರಿಗೆ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದ ಅಂಗಳವೆಂದು ನೆನಪಿರುವ ಮೈದಾನವದು. ಶ್ರೀಲಂಕಾ ವಿರುದ್ಧದ ಟೆಸ್ಟ್‌ನ ಎರಡನೇ ದಿನ ಊಟದ ನಂತರ ಲಂಕಾ ಆಟಗಾರರು ಮುಖಕ್ಕೆ ಮಾಸ್ಕ್ ಕಟ್ಟಿ ಫೀಲ್ಡಿಂಗ್‌ಗೆ ಇಳಿದರು. ಆಟ 17 ನಿಮಿಷ ನಿಂತಿತು. ಅಂಪೈರ್‌ಗಳು ವೈದ್ಯರ ಜೊತೆ, ಮ್ಯಾಚ್ ರೆಫ್ರಿ ಡೇವಿಡ್ ಬೂನ್ ಜೊತೆ ಮಾತಾಡಿ ಮತ್ತೆ ಆಡಿಸಿದರು. ವೇಗಿಗಳಾದ ಲಹಿರು ಗಮಗೆ, ಸುರಂಗ ಲಕ್ಮಲ್ ಒಬ್ಬರ ಹಿಂದೊಬ್ಬರು ಮೈದಾನ ಬಿಟ್ಟರು. ಲಂಕಾಗೆ ಹನ್ನೊಂದು ಜನರನ್ನು ನಿಲ್ಲಿಸುವುದೇ ಕಷ್ಟವಾಯಿತು. ವಿರಾಟ್ ಕೊಹ್ಲಿ 243 ರನ್‌ಗೆ ಔಟಾಗಿದ್ದರು; ಆಟ ಹೀಗೆ ನಿಂತು ನಿಂತು ಸಾಗುವುದನ್ನು ಕಂಡು 7 ವಿಕೆಟ್‌ಗೆ 536 ರನ್ ಆಗಿದ್ದಾಗ ಇನಿಂಗ್ಸ್ ಡಿಕ್ಲೇರ್ ಮಾಡಿ, ಬೌಲಿಂಗ್ ಮಾಡೋಣ ಎಂದರು.

ಆಮೇಲೆ ನಡೆದದ್ದು ಮಾತಿನ ಯುದ್ಧ. ಗ್ಯಾಲರಿಯಲ್ಲಿ ಕೂತ 20,000 ಜನಕ್ಕೆ ಏನೂ ಆಗಿಲ್ಲ, ಭಾರತದ ಆಟಗಾರರಿಗೂ ಆಗಿಲ್ಲ, ಲಂಕಾದವರಿಗೆ ಮಾತ್ರ ಹೇಗೆ ಆಯಿತು ಎಂದು ಕ್ರಿಕೆಟ್ ಮಂಡಳಿಯ ಕಡೆಯಿಂದ ಕೊಂಕು ಬಂತು. ಸೋಲು ತಪ್ಪಿಸಿಕೊಳ್ಳುವ ನಾಟಕ ಎಂದವರೂ ಇದ್ದರು. ಎರಡು ದಿನ ಕಳೆಯುವಷ್ಟರಲ್ಲಿ ಭಾರತದ್ದೇ ಮೊಹಮ್ಮದ್ ಶಮಿ ಬೌಲಿಂಗ್ ಮಧ್ಯೆ ಮೈದಾನದಲ್ಲೇ ವಾಂತಿ ಮಾಡಿಕೊಂಡರು. ಕೊಂಕು ಅಲ್ಲಿಗೆ ತಣ್ಣಗಾಯಿತು.

‘20,000 ಜನಕ್ಕೆ ಏನೂ ಆಗಿಲ್ಲ’ ಎಂಬ ಮಾತಿನಲ್ಲಿರುವ ತಪ್ಪು ಲೆಕ್ಕದ್ದು. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ದಮ್ಮುಕಟ್ಟಿ ಓಡುವವನಿಗೆ ನೂರು ಲೀಟರ್ ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಂದರೆ ಒಂದೇ ಮೈದಾನದಲ್ಲಿ, ಒಂದೇ ಗಾಳಿಯಲ್ಲಿ, ಓಡಿ ಬಂದು ಚೆಂಡೆಸೆಯುವವನ ಎದೆಗೆ ನೋಡುವವನಿಗಿಂತ ಹನ್ನೆರಡರಿಂದ ಹದಿನಾರು ಪಟ್ಟು ಹೊಗೆ ಇಳಿಯಬಹುದು. ಸಾಲದ್ದಕ್ಕೆ ಓಡುವಾಗ ಉಸಿರು ಬಾಯಿಂದ. ದೊಡ್ಡ ಧೂಳನ್ನು ತಡೆಯುವ ಮೂಗಿನ ಜರಡಿಯೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೊಗೆಯಲ್ಲಿ ಅಪಾಯಕಾರಿ ಭಾಗ ಕಣ್ಣಿಗೆ ಕಾಣುವ ಬೂದಿಯಲ್ಲ. ಪಿಎಂ 2.5 ಎಂದು ಕರೆಯುವ ಕಣ, ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು; ತಲೆಗೂದಲ ದಪ್ಪ ಅದರ ಮೂವತ್ತು ಪಟ್ಟಿನ ಆಸುಪಾಸು. ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುವ ಈ ಕಣಗಳಲ್ಲಿ ಅತಿ ಸಣ್ಣವು ರಕ್ತಕ್ಕೂ ದಾಟುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಭಾರತದ ಸರ್ಕಾರಿ ಮಿತಿ 60. ನಮ್ಮ ಮಿತಿಯೇ ನಾಲ್ಕು ಪಟ್ಟು ಉದಾರ. ಅದನ್ನೂ ಮೀರಿದ ದಿನಗಳ ಕಥೆ ಇದು.

ಈ ಲೆಕ್ಕವನ್ನು ಮೊದಲು ನಿಯಮ ಪುಸ್ತಕಕ್ಕೆ ಇಳಿಸಿದವರಲ್ಲಿ ಆಸ್ಟ್ರೇಲಿಯಾದ ಟೆನಿಸ್ ಆಡಳಿತಗಾರರೂ ಸೇರಿದ್ದಾರೆ, ಅದೂ ಪೆಟ್ಟು ತಿಂದ ಮೇಲೆ. 2019ರ ಕೊನೆಗೆ ಆ ದೇಶದ ಕಾಡುಗಳು ಹೊತ್ತಿ ಉರಿದವು. ಡಿಸೆಂಬರ್ 21ರಂದು ಕ್ಯಾನ್‌ಬೆರಾದಲ್ಲಿ ಬಿಗ್ ಬ್ಯಾಷ್ ಲೀಗ್‌ನ ಸಿಡ್ನಿ ಥಂಡರ್–ಅಡಿಲೇಡ್ ಸ್ಟ್ರೈಕರ್ಸ್ ಪಂದ್ಯ ನಡೆಯುತ್ತಿತ್ತು. ಎರಡನೇ ಇನಿಂಗ್ಸ್ ಶುರುವಾದ ಸ್ವಲ್ಪ ಹೊತ್ತಿಗೆ ಹೊಗೆ ಮೈದಾನವನ್ನು ಮುಚ್ಚಿತು, ಅಂಪೈರ್‌ಗಳು ಆಟ ನಿಲ್ಲಿಸಿದರು. ಫಲಿತಾಂಶಕ್ಕೆ ಐದು ಓವರ್ ಆಗಬೇಕಿತ್ತು, ನಾಲ್ಕು ಎಸೆತ ಬಾಕಿ ಇತ್ತು. ಪಂದ್ಯ ರದ್ದು. ಮರುವರ್ಷದ ಜನವರಿಯಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಅರ್ಹತಾ ಸುತ್ತಿನಲ್ಲಿ ಸ್ಲೊವೇನಿಯಾದ ದಲಿಲಾ ಯಕುಪೊವಿಚ್ ಕೆಮ್ಮಿ ಕೆಮ್ಮಿ ಅಂಕಣದಲ್ಲೇ ಕುಸಿದು ಪಂದ್ಯ ಬಿಟ್ಟುಕೊಟ್ಟರು. ಮೊದಲ ಸೆಟ್ ಗೆದ್ದಿದ್ದ ಆಟಗಾರ್ತಿ ಅವರು. ಆ ವಾರವೇ ಸಂಘಟಕರು ಲಿಖಿತ ನಿಯಮ ತಂದರು: ಪಿಎಂ 2.5 ಪ್ರಮಾಣ 200 ಮುಟ್ಟಿದರೆ ಆಟ ನಿಲ್ಲಬೇಕು. ಯಾರ ಮರ್ಜಿಯೂ ಬೇಡ, ಚರ್ಚೆಯೂ ಬೇಡ, ಮೀಟರ್ ಹೇಳಿದ್ದೇ ತೀರ್ಪು. 200 ಎನ್ನುವ ಅಂಕಿ ಬಹಳ ಧಾರಾಳವಾಯಿತು ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೂ ಒಂದು ಅಂಕಿಯಾದರೂ ಇದೆ.

ಅದೇ ತಿಂಗಳು ಕ್ಯಾನ್‌ಬೆರಾದಲ್ಲಿ ನಡೆಯಬೇಕಿದ್ದ ಇನ್ನೊಂದು ಟೆನಿಸ್ ಟೂರ್ನಿಯನ್ನು ಇಡಿಯಾಗಿ ಎತ್ತಿ ಬೆಂಡಿಗೊ ಎಂಬ ಊರಿಗೆ ಒಯ್ಯಲಾಯಿತು. ಹೊಗೆಯ ಕಾರಣಕ್ಕೆ ಊರು ಬದಲಿಸಿದ ಶುದ್ಧ ಉದಾಹರಣೆ ಅದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಯಾಟಲ್‌ನ ಬೇಸ್‌ಬಾಲ್ ತಂಡ ತನ್ನ ತವರಿನ ಎರಡು ಪಂದ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಆಡಿತು. ಸಿಯಾಟಲ್ ಮೈದಾನಕ್ಕೆ ಮುಚ್ಚುವ ಚಾವಣಿ ಇದೆ, ಆದರೆ ಸುತ್ತ ಗೋಡೆಯಿಲ್ಲ. ಛತ್ರಿ ಹಿಡಿದು ಹೊಗೆ ತಡೆದಂತೆ. ಹೊಗೆಯಿಂದ ತಪ್ಪಿಸಿಕೊಳ್ಳಲು ಹೋದ ಆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ವಾರದ ಹಿಂದಷ್ಟೇ ನಡುಹಗಲಲ್ಲಿ ಆಕಾಶ ಕೆಂಡದ ಬಣ್ಣಕ್ಕೆ ತಿರುಗಿ ಬೀದಿದೀಪ ಉರಿದಿದ್ದವು. ಹೊಗೆಗೆ ಊರ ಗಡಿ ಗೊತ್ತಿಲ್ಲ, ಗಾಳಿ ತಿರುಗಿದರೆ ಅದೂ ತಿರುಗುತ್ತದೆ. ಸ್ಥಳ ಬದಲಿಸುವವರು ಕಟ್ಟುವುದು ಗಾಳಿಯ ಮೇಲಿನ ಬಾಜಿ.

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಬೆಂಕಿ ಬಿದ್ದಾಗ ಅಲ್ಲಿನ ರ‍್ಯಾಮ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಪ್ಲೇ-ಆಫ್ ಪಂದ್ಯವನ್ನು ಪಕ್ಕದ ಅರಿಜೋನಾ ರಾಜ್ಯಕ್ಕೆ ಒಯ್ದರು. ಅಲ್ಲಿ ಪ್ರಶ್ನೆ ಉಸಿರಿನದಷ್ಟೇ ಆಗಿರಲಿಲ್ಲ. ದೊಡ್ಡ ಪಂದ್ಯವೆಂದರೆ ನೂರಾರು ಪೊಲೀಸರು, ಆಂಬುಲೆನ್ಸ್, ಅಗ್ನಿಶಾಮಕ ಸಿಬ್ಬಂದಿ ಬೇಕು. ಮನೆಗಳು ಉರಿಯುವಾಗ ಅವರನ್ನು ಸ್ಟೇಡಿಯಂ ಬಾಗಿಲಲ್ಲಿ ನಿಲ್ಲಿಸುವುದು ಹೇಗೆ?

ಕರ್ನಾಟಕದವರಿಗೆ ಪಂದ್ಯ ಊರು ಬದಲಿಸುವುದು ಹೊಸದೇನಲ್ಲ. 2016ರ ಬೇಸಿಗೆಯಲ್ಲಿ ಮಹಾರಾಷ್ಟ್ರಕ್ಕೆ ಬರ ಬಿದ್ದು, ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗುತ್ತಿತ್ತು. ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ರಾಜ್ಯದಿಂದ ಹೊರಗೆ ಒಯ್ಯಿರಿ ಎಂದು ಬಾಂಬೆ ಹೈಕೋರ್ಟ್ ಆದೇಶಿಸಿತು. ಮುಂಬೈನಲ್ಲಿ ನಡೆಯಬೇಕಿದ್ದ ಫೈನಲ್ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ಮೇ 29ರ ಆ ರಾತ್ರಿ ಆರ್‌ಸಿಬಿ ಎಂಟು ರನ್‌ನಿಂದ ಸೋತದ್ದು ಅಭಿಮಾನಿಗಳಿಗೆ ಇವತ್ತಿಗೂ ನೆನಪಿದೆ. ಫೈನಲ್ ಯಾಕೆ ಬೆಂಗಳೂರಿಗೆ ಬಂತು ಎಂಬುದು ಹೆಚ್ಚಿನವರಿಗೆ ನೆನಪಿಲ್ಲ. ಪಿಚ್‌ಗೆ ಸುರಿಯುವ ನೀರು ಉಳಿಯಿತು, ನಿಜ. ಲಾತೂರಿನ ಬಿಂದಿಗೆಗಳ ಸಾಲು ಮಾತ್ರ ಇದ್ದಲ್ಲೇ ಇತ್ತು.

ಸ್ಥಳಾಂತರದ ಗುಣವೂ ದೋಷವೂ ಇದೇ. ಆಡುವವರು ಪಾರಾಗುತ್ತಾರೆ, ಊರವರು ಉಳಿಯುತ್ತಾರೆ. ಹಾಗೆಂದು ಆಟಗಾರರೂ ಹೊಗೆ ಕುಡಿಯಲಿ ಎನ್ನುವುದು ನ್ಯಾಯವಲ್ಲ. ಪಂದ್ಯ ಎದ್ದು ಹೋದರೆ ಊರಿನ ಗಾಳಿ ಕೆಟ್ಟಿದೆ ಎಂಬ ಸುದ್ದಿ ಅಧಿಕೃತವಾಗುತ್ತದೆ, ಅದೂ ಒಂದು ಲಾಭ.

ದೆಹಲಿ ಈ ಪಾಠ ಕಲಿಯಲು ಸುಮಾರು ಒಂಬತ್ತು ವರ್ಷ ತೆಗೆದುಕೊಂಡಿತು. 2016ರ ನವೆಂಬರ್‌ನಲ್ಲಿ ಅಲ್ಲಿ ನಡೆಯಬೇಕಿದ್ದ ಎರಡು ರಣಜಿ ಪಂದ್ಯಗಳು, ಬಂಗಾಳ–ಗುಜರಾತ್ ಮತ್ತು ಹೈದರಾಬಾದ್–ತ್ರಿಪುರ, ಒಂದು ಚೆಂಡೂ ಬೀಳದೆ ರದ್ದಾಗಿದ್ದವು. ಮರುವರ್ಷ ಮೇಲೆ ಹೇಳಿದ ಟೆಸ್ಟ್. 2019ರ ನವೆಂಬರ್ 3ರಂದು ಬಾಂಗ್ಲಾದೇಶದ ಜೊತೆ ಟಿ20, ಮತ್ತೆ ಹೊಗೆಯಲ್ಲೇ. 2023ರ ವಿಶ್ವಕಪ್‌ನಲ್ಲಿ ಬಾಂಗ್ಲಾ ಮತ್ತು ಲಂಕಾ ತಂಡಗಳು ಅಭ್ಯಾಸವನ್ನೇ ಬಿಟ್ಟು ಹೋಟೆಲಿನಲ್ಲಿ ಕೂತವು. ನವೆಂಬರ್ 6ರ ಪಂದ್ಯ ನಡೆದೇ ನಡೆಯಿತು. ಏಂಜೆಲೊ ಮ್ಯಾಥ್ಯೂಸ್ ‘ಟೈಮ್ಡ್ ಔಟ್’ ಆದ ಗಲಾಟೆಯಲ್ಲಿ ಹೊಗೆಯ ಮಾತು ಹಿಂದೆ ಸರಿಯಿತು. ಕೊನೆಗೆ 2025ರಲ್ಲಿ ಮಂಡಳಿ ಮೊದಲೇ ಎಚ್ಚೆತ್ತಿತು. ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್ ದೆಹಲಿಯಲ್ಲಿತ್ತು, ಅಕ್ಟೋಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ್ದು ಕೋಲ್ಕತ್ತದಲ್ಲಿತ್ತು. ಜೂನ್‌ನಲ್ಲೇ ಎರಡನ್ನೂ ಅದಲುಬದಲು ಮಾಡಿದರು. ಗಲಾಟೆಯಿಲ್ಲ, ಮಾಸ್ಕ್ ಇಲ್ಲ, ದೆಹಲಿಗೆ ಅದರ ಪಂದ್ಯವೂ ಸಿಕ್ಕಿತು. ಮ್ಯಾರಥಾನ್ ಸಂಘಟಕರಿಗೆ ಈ ಬುದ್ಧಿ ಮೊದಲೇ ಬಂದಿತ್ತು. 2017ರ ನವೆಂಬರ್‌ನಲ್ಲಿ ವೈದ್ಯರ ವಿರೋಧದ ನಡುವೆ ಓಡಿಸಿದ ದೆಹಲಿ ಹಾಫ್ ಮ್ಯಾರಥಾನ್ ಮರುವರ್ಷ ಅಕ್ಟೋಬರ್ 21ಕ್ಕೆ ಹಿಂದೆ ಸರಿಯಿತು.

ಅಂದರೆ ಬದಲಿಸಬೇಕಾದದ್ದು ಬಹುತೇಕ ಊರನ್ನಲ್ಲ, ತಾರೀಖನ್ನು. ಕಾಡ್ಗಿಚ್ಚು ಎಲ್ಲಿ ಯಾವಾಗ ಏಳುತ್ತದೆಂದು ಹೇಳಲಾಗದು. ಗದ್ದೆಯ ಬೆಂಕಿ ಹಾಗಲ್ಲ, ಅದು ಪಂಚಾಂಗ ನೋಡಿಕೊಂಡು ಬರುತ್ತದೆ. ಪಂಜಾಬಿನಲ್ಲಿ ಅಂತರ್ಜಲ ಉಳಿಸಲು 2009ರಲ್ಲಿ ತಂದ ಕಾನೂನು ನಾಟಿಯನ್ನು ಜೂನ್ ಮಧ್ಯದ ಕಡೆಗೆ ತಳ್ಳಿತು. ಕಟಾವು ಅಷ್ಟೇ ಹಿಂದೆ ಬಿದ್ದು ಅಕ್ಟೋಬರ್ ಕೊನೆ, ನವೆಂಬರ್‌ಗೆ ಬಂತು. ಗೋಧಿ ಬಿತ್ತನೆಗೆ ಉಳಿದದ್ದು ಎರಡು ಮೂರು ವಾರ. ಹುಲ್ಲು ಎತ್ತಲು ಪುರುಸೊತ್ತಿಲ್ಲ, ಕಡ್ಡಿ ಗೀರಿದರು. ಅದೇ ಹೊತ್ತಿಗೆ ಚಳಿ ಇಳಿದು ಗಾಳಿ ಸತ್ತು ಹೊಗೆ ದೆಹಲಿಯ ಮೇಲೆ ಕೂತಿತು. ವಾಹನ, ಕಾರ್ಖಾನೆ, ಕಟ್ಟಡದ ಧೂಳು ಎಲ್ಲವೂ ಅದಕ್ಕೆ ಜೊತೆಯಾದವು.

ಎಡದಂಡೆ ಕಾಲುವೆಯ ಸೀಮೆಗೂ ಈ ಅವಸರ ಪರಿಚಿತ. ಮುಂಗಾರಿನ ನೆಲ್ಲು ನವೆಂಬರ್–ಡಿಸೆಂಬರ್‌ನಲ್ಲಿ ಕಟಾವಾದರೆ, ಕಾಲುವೆಗೆ ನೀರು ಬಿಡುವ ವರ್ಷ ಎರಡನೇ ಬೆಳೆಗೆ ತಕ್ಷಣ ಗದ್ದೆ ಹದ ಮಾಡಬೇಕು. ಎರಡನೇ ಬೆಳೆ ಏಪ್ರಿಲ್–ಮೇನಲ್ಲಿ ಕಟಾವಿಗೆ ಬರುತ್ತದೆ. ಕುಡಗೋಲಿನಲ್ಲಿ ಕೊಯ್ದು ಕಣದಲ್ಲಿ ಬಡಿದ ಕಾಲದಲ್ಲಿ ಹುಲ್ಲು ಉದ್ದುದ್ದ ಉಳಿದು ಬಣವೆ ಸೇರುತ್ತಿತ್ತು. ಈಗ ಮಷೀನು ಚೂರು ಮಾಡಿ ಚೆಲ್ಲುತ್ತದೆ, ಆರಿಸಲು ಕೂಲಿ ಹುಟ್ಟುವುದಿಲ್ಲ. ಅದೂ ಅಲ್ಲದೆ ಈ ಭಾಗದ ಎತ್ತುಗಳಿಗೆ ಜೋಳದ ಕಣಿಕೆಯೇ ಇಷ್ಟ, ನೆಲ್ಲು ಹುಲ್ಲಿಗೆ ಎರಡನೇ ಜಾಗ. ಬರ ಬಿದ್ದ ವರ್ಷ ಮಾತ್ರ ಚಿತ್ರ ತಿರುಗುತ್ತದೆ: ಮೇವಿಗೆ ಬೆಲೆ ಬಂದು, ಸುಡುವ ಹುಲ್ಲೇ ಟ್ರ್ಯಾಕ್ಟರ್ ಏರಿ ಮಾರಾಟಕ್ಕೆ ಹೋಗುತ್ತದೆ. ಹುಲ್ಲಿಗೆ ಬೆಲೆ ಸಿಕ್ಕರೆ ರೈತ ಸುಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ಟನ್ ಹುಲ್ಲು ಸುಟ್ಟರೆ ಸುಮಾರು 3 ಕಿಲೋ ಸಣ್ಣ ಕಣಗಳು ಗಾಳಿಗೆ ಸೇರುತ್ತವೆ, 5.5 ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್ ಗದ್ದೆಯ ಕೈತಪ್ಪುತ್ತವೆ ಎಂಬುದು ಕೃಷಿ ತಜ್ಞರು ಬಳಸುವ ಲೆಕ್ಕ. ಅದೇ ಗದ್ದೆಗೆ ಆಮೇಲೆ ಗೊಬ್ಬರದ ಅಂಗಡಿಯಿಂದ ಚೀಲ ಬರುತ್ತದೆ.

ಇನ್ನು ಆಟದ ಪಂಚಾಂಗ. ಶಿಕ್ಷಣ ಇಲಾಖೆಯ ವಲಯ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಹೆಚ್ಚಾಗಿ ಮಳೆಗಾಲದಲ್ಲೇ ಮುಗಿಯುತ್ತವೆ. ಕೆಸರಿನಲ್ಲಿ ಖೋ-ಖೋ ಆಡಿಸಬೇಕಲ್ಲ ಎಂದು ಪಿ.ಟಿ. ಮಾಸ್ತರರು ಗೊಣಗುವುದುಂಟು, ಆದರೆ ಗಾಳಿಯ ದೃಷ್ಟಿಯಿಂದ ವರ್ಷದಲ್ಲೇ ಅದು ಒಳ್ಳೆಯ ಕಾಲ. ಹೊಗೆಗೆ ಸಿಕ್ಕಿಬೀಳುವುದು ಉಳಿದವು: ಡಿಸೆಂಬರ್‌ನ ಶಾಲಾ ವಾರ್ಷಿಕ ಕ್ರೀಡೆ, ಜಾತ್ರೆಯ ಕಬಡ್ಡಿ, ಬೇಸಿಗೆ ರಜೆಯ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳು. ಕಬಡ್ಡಿಯ ಕಷ್ಟ ಎಲ್ಲಕ್ಕಿಂತ ದೊಡ್ಡದು. ಫ್ಲಡ್‌ಲೈಟ್ ಹಾಕಿ ರಾತ್ರಿ ಆಡಿಸುತ್ತಾರೆ. ರಾತ್ರಿ ನೆಲ ತಣ್ಣಗಾಗಿ ತಂಪು ಗಾಳಿ ಕೆಳಗೆ, ಬೆಚ್ಚಗಿನ ಗಾಳಿ ಮೇಲೆ ನಿಂತು, ಹೊಗೆ ಮುಚ್ಚಳ ಬಿದ್ದಂತೆ ಕೆಳಗೇ ಸಿಕ್ಕಿಕೊಳ್ಳುತ್ತದೆ. ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳನುಗ್ಗುವವನು ವಾಪಸಾಗಿ ಎಳೆದುಕೊಳ್ಳುವ ಮೊದಲ ಉಸಿರು ಎಂಥದ್ದೆಂದು ಆಡಿದವರಿಗೆ ಗೊತ್ತು. ಡಿಸೆಂಬರ್‌ನಲ್ಲಿ ಪಂದ್ಯವನ್ನು ಮಧ್ಯಾಹ್ನಕ್ಕೆ ತಂದರೆ ಅರ್ಧ ಸಮಸ್ಯೆ ತೀರುತ್ತದೆ, ಬಿಸಿಲಿಗೆ ಗಾಳಿ ಮೇಲೆದ್ದು ಹೊಗೆ ಚದುರುತ್ತದೆ. ಮೇ ತಿಂಗಳಲ್ಲಿ ಆ ದಾರಿಯೂ ಇಲ್ಲ. ರಾಯಚೂರು ಜಿಲ್ಲೆಯಲ್ಲಿ ಪಾದರಸ 40 ಡಿಗ್ರಿ ದಾಟಿದ ಮಧ್ಯಾಹ್ನ ಮಕ್ಕಳನ್ನು ಓಡಿಸುವುದು ಹೊಗೆಗಿಂತ ದೊಡ್ಡ ಅಪಾಯ.

ಮಕ್ಕಳ ಮಾತು ಬಂದಿದ್ದಕ್ಕೆ: 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ಶಾಲೆಗಳ ಹೊರಾಂಗಣ ಕ್ರೀಡಾಕೂಟಗಳನ್ನು ಗಾಳಿ ಸುಧಾರಿಸುವ ತಿಂಗಳುಗಳಿಗೆ ಮುಂದೂಡುವ ಬಗ್ಗೆ ಯೋಚಿಸುವಂತೆ ವಾಯು ಗುಣಮಟ್ಟ ಆಯೋಗಕ್ಕೆ ಹೇಳಿತು. ಟೆಸ್ಟ್ ಆಟಗಾರನಿಗೆ ವೈದ್ಯ ಪಕ್ಕದಲ್ಲೇ ಇರುತ್ತಾನೆ, ಕಷ್ಟವಾದರೆ ಪೆವಿಲಿಯನ್‌ಗೆ ಹೋಗುತ್ತಾನೆ. ಏಳನೇ ತರಗತಿಯ ಹುಡುಗಿ ರಿಲೇ ಓಟದ ನಡುವೆ ‘ಸರ್, ಉಸಿರಾಡಲು ಆಗ್ತಿಲ್ಲ’ ಎನ್ನುವುದಿಲ್ಲ, ಬ್ಯಾಟನ್ ಹಿಡಿದು ಓಡುತ್ತಾಳೆ. ಅಸ್ತಮಾ ಇರುವ ಮಗುವಿಗಂತೂ ಆ ನೂರು ಮೀಟರ್ ರಾತ್ರಿ ಆಸ್ಪತ್ರೆಯವರೆಗೆ ಉದ್ದವಾಗಬಹುದು.

ಮೀಟರ್ ಇಲ್ಲದ ಊರಿನಲ್ಲಿ ತೀರ್ಪು ಕೊಡುವುದು ಹೇಗೆ? ಕಾಡ್ಗಿಚ್ಚು ರೂಢಿಯಾಗಿರುವ ಅಮೆರಿಕದ ಪಶ್ಚಿಮ ರಾಜ್ಯಗಳ ಜನ ಒಂದು ನಾಟಿ ಉಪಾಯ ಬಳಸುತ್ತಾರೆ. ದೂರದಲ್ಲಿರುವ ಗುಡ್ಡ, ಗೋಪುರಗಳ ಅಂತರವನ್ನು ಮೊದಲೇ ತಿಳಿದಿಟ್ಟುಕೊಳ್ಳುತ್ತಾರೆ. ಒಣ ಹವೆಯ ಹಗಲಿನಲ್ಲಿ ಎಂಟು ಕಿಲೋಮೀಟರ್ ಆಚೆಯ ಗುರುತು ಕಾಣದಿದ್ದರೆ ಹೊರಗೆ ದುಡಿಯುವುದನ್ನು, ಓಡುವುದನ್ನು ಕಡಿಮೆ ಮಾಡಬೇಕು ಎಂದು ತೀರ್ಮಾನ. ಮಂಜು ಬಿದ್ದ ದಿನ ಇದು ನಡೆಯದು. ತುರ್ವಿಹಾಳದಂಥ ಬಯಲು ಸೀಮೆಯಲ್ಲಿ ಮೊಬೈಲ್ ಟವರ್, ನೀರಿನ ಟ್ಯಾಂಕು, ಪಕ್ಕದ ಕ್ಯಾಂಪಿನ ಗುಡಿ ಗೋಪುರ ಇದ್ದೇ ಇರುತ್ತವೆ. ಪಿಎಂ 2.5 ತೋರಿಸುವ ಅಂಗೈಯಗಲದ ಮಾಪಕಗಳೂ ಈಗ ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಟೂರ್ನಿಯ ಟ್ರೋಫಿಗೆ, ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ ಆಗುವ ಖರ್ಚಿನ ಮುಂದೆ ಅದು ದೊಡ್ಡದಲ್ಲ. ಅತಿ ನಿಖರವಲ್ಲದಿದ್ದರೂ 50ಕ್ಕೂ 250ಕ್ಕೂ ಇರುವ ವ್ಯತ್ಯಾಸವನ್ನು ಅದು ಹೇಳುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಯಾರು ಹೇಳಬೇಕು ಎನ್ನುವುದು. ಕೋಟ್ಲಾದಲ್ಲಿ ಗೊಂದಲವಾದದ್ದು ಹೊಗೆಯಿಂದಷ್ಟೇ ಅಲ್ಲ. ಎಷ್ಟು ಹೊಗೆಗೆ ಆಟ ನಿಲ್ಲಬೇಕು ಎಂದು ಅಂಪೈರ್‌ಗಳ ಕೈಯಲ್ಲಿ ಬರೆದ ಕಾಗದವಿರಲಿಲ್ಲ. ಬೆಳಕು ಕಡಿಮೆಯಾದರೆ ಲೈಟ್ ಮೀಟರ್ ತೆಗೆಯುವ ಅವರು ಉಸಿರಿಗೆ ಅಂದಾಜು ಹಾಕಬೇಕಾಯಿತು. ಜಾತ್ರೆಯ ಕಬಡ್ಡಿಯಲ್ಲಿ ಈ ಭಾರ ಒಬ್ಬ ಪಿ.ಟಿ. ಮಾಸ್ತರರ ಮೇಲೆ ಬೀಳುತ್ತದೆ. ಬಹುಮಾನ ಪ್ರಾಯೋಜಿಸಿದ ಮುಖಂಡರು ವೇದಿಕೆ ಮೇಲೆ, ದೂರದೂರಿಂದ ಟೆಂಪೊದಲ್ಲಿ ಬಂದ ತಂಡಗಳು ಸಾಲಿನಲ್ಲಿ, ಜನ ಸಿಳ್ಳೆ ಹಾಕುತ್ತ. ಆ ಹೊತ್ತಿನಲ್ಲಿ ‘ಆಟ ನಿಲ್ಲಿಸಿ’ ಎನ್ನುವ ಎದೆಗಾರಿಕೆಯನ್ನು ಒಬ್ಬರಿಂದ ನಿರೀಕ್ಷಿಸುವುದು ತಪ್ಪು. ಮಿತಿ ಎಷ್ಟು, ನಿಲ್ಲಿಸುವವರು ಯಾರು, ನಿಂತರೆ ಬದಲಿ ದಿನ ಯಾವುದು, ಮೂರನ್ನೂ ಪ್ರವೇಶ ಶುಲ್ಕ ಕಟ್ಟಿಸಿಕೊಳ್ಳುವಾಗಲೇ ತಂಡಗಳಿಗೆ ತಿಳಿಸಿದರೆ ಆ ದಿನ ಜಗಳ ಇರುವುದಿಲ್ಲ. ಹೀಗೆ ಮೊದಲೇ ತೀರ್ಮಾನಿಸುವುದು ಹೊಸದಲ್ಲ: ಕುಮಾರಪರ್ವತದಂಥ ಚಾರಣದ ದಾರಿಗಳನ್ನು ಅರಣ್ಯ ಇಲಾಖೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುತ್ತದೆ. ಬೆಂಕಿ ಬಿದ್ದ ಮೇಲಲ್ಲ, ಬೀಳುವ ಕಾಲ ಬಂತೆಂದು. ಚಾರಣಿಗರು ಒಂದೆರಡು ವರ್ಷ ಬೈದುಕೊಂಡು ಆಮೇಲೆ ಒಗ್ಗಿಕೊಂಡರು.

ತುರ್ವಿಹಾಳದ ಟೂರ್ನಿಯನ್ನು ಎಲ್ಲಿಗೆ ಒಯ್ಯುವುದು? ಸಿಂಧನೂರಿಗೆ ಹೋದರೂ ಅದೇ ಗದ್ದೆ, ಅದೇ ಹೊಗೆ. ಲಿಂಗಸುಗೂರಿನ ಕಡೆಗೆ ಹೋದರೆ ಗಾಳಿ ಹಗುರವಿರಬಹುದು, ನೋಡುವ ಜನ ಬರುವುದಿಲ್ಲ, ತಮ್ಮೂರ ಮಣ್ಣಿನಲ್ಲಿ ಗೆಲ್ಲುವ ಸುಖವೂ ಇರುವುದಿಲ್ಲ. ಬಿಸಿಸಿಐಗೆ ಇಪ್ಪತ್ತು ಸ್ಟೇಡಿಯಂಗಳ ಆಯ್ಕೆ ಇದೆ, ಊರ ಯುವಕ ಸಂಘಕ್ಕೆ ಇರುವುದು ಒಂದೇ ಮೈದಾನ. ಆದ್ದರಿಂದ ಸಂಘದ ಹುಡುಗರಿಗೆ ಒಂದು ವಿನಂತಿ: ಟೂರ್ನಿಯ ಪೋಸ್ಟರ್ ಅಚ್ಚಿಗೆ ಕೊಡುವ ಮುನ್ನ ಕಟಾವು ಮಷೀನಿನವರಿಗೆ ಒಂದು ಫೋನ್ ಮಾಡಿ, ನಮ್ಮೂರ ಸುತ್ತಿನ ಗದ್ದೆ ಯಾವ ವಾರಕ್ಕೆ ಮುಗಿಯುತ್ತದೆ ಎಂದು ಕೇಳಿ. ಆ ವಾರಕ್ಕೆ ಇನ್ನೆರಡು ವಾರ ಸೇರಿಸಿ ತಾರೀಖು ಬರೆಸಿ.